ಎಂಟು ರೂಪಾಯಿಯ ಸಿಮೆಂಟು, ಏಳು ದಿನದ ನೀರು: ಮನೆಯಲ್ಲೇ ಬೋನ್ಸಾಯ್ ಕುಂಡ



ಈ ಬೇಸಿಗೆ ರಜೆಯಲ್ಲಿ ನಾನು ಸಿಮೆಂಟಿನಿಂದ ಆರು ಬೋನ್ಸಾಯ್ ಕುಂಡ ಮಾಡಿದೆ. ಎರಡು ಒಡೆದವು. ಎರಡು ತಲಾ 60 ರೂಪಾಯಿಗೆ ಮಾರಾಟವಾದವು. ಉಳಿದೆರಡು ಮನೆಯಲ್ಲಿವೆ. ಒಂದು ಕುಂಡಕ್ಕೆ ಸಾಮಾನಿನ ಖರ್ಚು 30 ರೂಪಾಯಿ, ಹಾಗಾಗಿ ಎರಡು ಮಾರಿದ್ದರಿಂದ 60 ರೂಪಾಯಿ ಲಾಭ ಬಂತು ಎಂದು ಅಬ್ಬಾಗೆ ಹೆಮ್ಮೆಯಿಂದ ಹೇಳಿದೆ. ನಮ್ಮದು ಸಣ್ಣ ಕಿರಾಣಿ ಅಂಗಡಿ. ಅಬ್ಬಾ ದಿನವೂ ಹಿಸಾಬು ಬರೆದೇ ಮಲಗುವವರು. ಅವರು ಒಂದೇ ಪ್ರಶ್ನೆ ಕೇಳಿದರು: "ಒಡೆದ ಎರಡು ಯಾರ ಖಾತೆಗೆ, ಬೇಟಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಂಡ ಮಾಡುವ ವಿಧಾನವನ್ನೂ ಆ ಪ್ರಶ್ನೆಯ ಉತ್ತರವನ್ನೂ ಇಲ್ಲಿ ಬರೆದಿದ್ದೇನೆ.

ಬೋನ್ಸಾಯ್ ಕುಂಡ ಎಂದರೇನು?

ಜಪಾನಿ ಭಾಷೆಯಲ್ಲಿ 'ಬೋನ್' ಎಂದರೆ ತಟ್ಟೆಯಂಥ ಪಾತ್ರೆ, 'ಸಾಯ್' ಎಂದರೆ ನೆಡುವುದು. ಅಂದರೆ ಹೆಸರಿನಲ್ಲಿ ಅರ್ಧ ಪಾಲು ಕುಂಡದ್ದೇ. ಈ ಕಲೆ ಮೊದಲು ಚೀನಾದಲ್ಲಿ ಬೆಳೆದು ಜಪಾನಿಗೆ ಹೋಯಿತು. ಅಲ್ಲಿನ ತೊಕೊನಾಮೆ ಊರು ಬೋನ್ಸಾಯ್ ಕುಂಡಗಳಿಗೆ ಹೆಸರುವಾಸಿ. ಸಾಮಾನ್ಯ ಹೂಕುಂಡಕ್ಕೂ ಇದಕ್ಕೂ ಮೂರು ವ್ಯತ್ಯಾಸಗಳಿವೆ. ಇದು ಆಳ ಕಡಿಮೆ, ಅಗಲ ಹೆಚ್ಚು. ತಳದಲ್ಲಿ ನೀರು ಹೋಗಲು ದೊಡ್ಡ ತೂತುಗಳಿರಬೇಕು. ಗಾಳಿ ಆಡಲು ಕೆಳಗೆ ಸಣ್ಣ ಕಾಲುಗಳಿರಬೇಕು. ಅಂಗಡಿಯಲ್ಲಿ ಇಂಥ ಕುಂಡದ ಬೆಲೆ ಕೇಳಿಯೇ ನಾನು ಮನೆಯಲ್ಲಿ ಮಾಡಲು ಹೊರಟದ್ದು.

ಮೊದಲು ಮಣ್ಣು, ಆಮೇಲೆ ಸಿಮೆಂಟು

ಮೊದಲು ಹೊಲದ ಕರಿ ಎರೆಮಣ್ಣಿನಲ್ಲಿ ಮಾಡಿದೆ. ನೆರಳಲ್ಲಿ ಒಣಗುವಷ್ಟರಲ್ಲೇ ಬಿರುಕು ಬಿಟ್ಟಿತು. ನಮ್ಮೂರಿನ ಕುಂಬಾರ ಅಜ್ಜನನ್ನು ಕೇಳಿದೆ. "ಈ ಮಣ್ಣು ನೀರು ಕುಡದು ಉಬ್ಬತದ, ಒಣಗಿದ್ರ ಕುಗ್ಗತದ ಯವ್ವಾ. ಉಸುಕು ಬೆರಸಬೇಕು, ಮ್ಯಾಲ ಸುಡಬೇಕು. ಸುಡದಿದ್ರ ಮಳಿಗಿ ಮತ್ತ ಮಣ್ಣೇ ಆಗತದ" ಎಂದರು. ಮನೆಯಲ್ಲಿ ಆವಿಗೆ ಹಾಕಿ ಸುಡುವುದು ಆಗದ ಮಾತು. ಆದ್ದರಿಂದ ಮಣ್ಣನ್ನು ಅಚ್ಚಿಗೆ ಮಾತ್ರ ಬಳಸಿ, ಕುಂಡವನ್ನು ಸಿಮೆಂಟಿನಲ್ಲಿ ಮಾಡಿದೆ.

ನಿಜ ಹೇಳಬೇಕೆಂದರೆ ಸಿಮೆಂಟು ಕೂಡ ಸುಟ್ಟ ಮಣ್ಣೇ. ಸುಣ್ಣದ ಕಲ್ಲು ಮತ್ತು ಜೇಡಿಮಣ್ಣನ್ನು ಪುಡಿ ಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತದ್ದು ಈ ಕಲ್ಲಿಗಾಗಿಯೇ.

ಇನ್ನೊಂದು ವಿಷಯ ಓದಿ ಬಹಳ ಖುಷಿಯಾಯಿತು. ಕಬ್ಬಿಣ ಹಾಕಿದ ಕಾಂಕ್ರೀಟಿನ ಚರಿತ್ರೆಯಲ್ಲಿ ಒಬ್ಬ ತೋಟಗಾರನ ಹೆಸರಿದೆ. ಫ್ರಾನ್ಸಿನ ಜೋಸೆಫ್ ಮೋನಿಯೇ ಗಿಡದ ತೊಟ್ಟಿಗಳು ಒಡೆಯಬಾರದೆಂದು ಸಿಮೆಂಟಿನೊಳಗೆ ಕಬ್ಬಿಣದ ಜಾಲರಿ ಇಟ್ಟು 1867ರಲ್ಲಿ ಪೇಟೆಂಟ್ ಪಡೆದರು. ನಾವು ಮಾಡುವುದೂ ಅದನ್ನೇ.

ಬೇಕಾಗುವ ಸಾಮಾನು (30 × 20 × 7 ಸೆಂ.ಮೀ. ಕುಂಡಕ್ಕೆ)

ಸಿಮೆಂಟು 1 ಕೆ.ಜಿ., ಜರಡಿ ಹಿಡಿದ ಉಸುಕು ಸುಮಾರು 3 ಕೆ.ಜಿ., ನೀರು ಸುಮಾರು ಅರ್ಧ ಲೀಟರ್, ಕೋಳಿಗೂಡಿಗೆ ಹಾಕುವ ತೆಳು ಜಾಲರಿ, ಪ್ಲಾಸ್ಟಿಕ್ ಹಾಳೆ, ಎರಡು ಪೈಪಿನ ತುಂಡು, ಅಚ್ಚಿಗೆ ಮಣ್ಣು, ಕರಣೆ, ಗೋಣಿ ಚೀಲ. ಸಿಮೆಂಟು ಚರ್ಮ ಸುಡುತ್ತದೆ, ಅದರ ಧೂಳು ಎದೆಗೆ ಒಳ್ಳೆಯದಲ್ಲ. ಕೈಗವಸು ಮತ್ತು ಮಾಸ್ಕ್ ಕಡ್ಡಾಯ. ಬಹಳ ತಿಂಗಳು ತೆರೆದಿಟ್ಟು ಗಂಟುಕಟ್ಟಿದ ಸಿಮೆಂಟು ಬೇಡ.

ಮಾಡುವ ವಿಧಾನ

1. ಪರಸಿಯ ಮೇಲೆ ಹಸಿ ಮಣ್ಣಿನಿಂದ 26 × 16 × 5 ಸೆಂ.ಮೀ. ದಿಬ್ಬ ಮಾಡಿ. ಇದು ಕುಂಡದ ಒಳಭಾಗದ ಅಚ್ಚು, ಬೋರಲಾಗಿ ಇರುತ್ತದೆ. ಬದಿಗಳು ಸ್ವಲ್ಪ ಇಳಿಜಾರಾಗಿದ್ದರೆ ಕುಂಡ ಸುಲಭವಾಗಿ ಬಿಡುತ್ತದೆ.

2. ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ತೂತು ಬೇಕಾದ ಎರಡು ಕಡೆ ಎಣ್ಣೆ ಹಚ್ಚಿದ ಪೈಪಿನ ತುಂಡು ನಿಲ್ಲಿಸಿ.

3. ಒಂದು ಪಾಲು ಸಿಮೆಂಟು, ಮೂರು ಪಾಲು ಉಸುಕು ಒಣಗಿದ್ದಾಗಲೇ ಚೆನ್ನಾಗಿ ಕಲಸಿ. ಆಮೇಲೆ ನೀರು ಸ್ವಲ್ಪ ಸ್ವಲ್ಪವೇ ಹಾಕಿ. ಮಾಲು ಮುಷ್ಟಿಯಲ್ಲಿ ಉಂಡೆಯಾಗಬೇಕು, ಬೆರಳ ಸಂದಿಯಿಂದ ಹರಿಯಬಾರದು. ನೀರು ಹೆಚ್ಚಾದಷ್ಟೂ ಕುಂಡ ಬಲಹೀನ.

4. ಮೊದಲು 1 ಸೆಂ.ಮೀ. ದಪ್ಪ ಮೆತ್ತಿ, ಜಾಲರಿ ಒತ್ತಿ, ಮೇಲೆ ಇನ್ನೊಂದು ಸೆಂ.ಮೀ. ಮೆತ್ತಿ. ಜಾಲರಿ ಎಲ್ಲೂ ಹೊರಗೆ ಕಾಣಬಾರದು. ಕೊನೆಗೆ ನಾಲ್ಕು ಸಣ್ಣ ಉಂಡೆ ಅಂಟಿಸಿ ಕಾಲು ಮಾಡಿ.

5. ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿಡಿ. ಮಾಲು ಬಿಗಿಯಾಗುವಾಗಲೇ ಪೈಪು ತಿರುಗಿಸಿ ತೆಗೆಯಿರಿ. ಎರಡು ದಿನದ ನಂತರ ಕುಂಡ ಮಗುಚಿ, ಚಮಚದಿಂದ ಮಣ್ಣು ಕೆರೆದು ತೆಗೆಯಿರಿ. ಅದೇ ಮಣ್ಣು ನೆನೆಸಿದರೆ ಮುಂದಿನ ಅಚ್ಚಿಗೆ ಬರುತ್ತದೆ.

6. ಕಡಿಮೆ ಎಂದರೆ ಏಳು ದಿನ ಕುಂಡ ಒಣಗದಂತೆ ನೀರು ಹೊಡೆಯಿರಿ.

ಎರಡು ಕುಂಡ ಒಡೆದದ್ದೇಕೆ?

ಆರನೇ ಹೆಜ್ಜೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ರಜೆಯಲ್ಲಿ ನಾನು ಬೆಳಿಗ್ಗೆ ನಾಲವಾರದಿಂದ ರೈಲಿನಲ್ಲಿ ವಾಡಿಗೆ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದೆ. ಮೊದಲ ನಾಲ್ಕು ಕುಂಡಗಳಿಗೆ ಹಗಲಲ್ಲಿ ನೀರು ಹೊಡೆದವರು ಅಮ್ಮಿ. ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ, ದಿನಕ್ಕೆ ನಾಲ್ಕು ಸಲ ಗೋಣಿ ಒದ್ದೆ ಮಾಡುತ್ತಿದ್ದರು. ಕೊನೆಯ ಎರಡು ಕುಂಡ ಮಾಡಿದ ಮರುದಿನ ಅಮ್ಮಿ ಎರಡು ದಿನದ ಮಟ್ಟಿಗೆ ಶಹಾಬಾದಿಗೆ ಖಾಲಾ ಮನೆಗೆ ಹೋದರು. ಬೇಗ ಒಣಗಲಿ ಎಂದು ನಾನು ಅವುಗಳನ್ನು ಮಾಳಿಗೆಯ ಬಿಸಿಲಿಗಿಟ್ಟು ಹೋದೆ. ಮಗುಚುವಾಗ ಎರಡೂ ಸೀಳಿದವು. ಅಂಚು ಬೆರಳಿನಲ್ಲೇ ಪುಡಿಯಾಗುತ್ತಿತ್ತು.

ಗೌಂಡಿ ಕೆಲಸ ಮಾಡುವ ಮಾಮು ಬಂದು ನೋಡಿ, "ಸಿಮೆಂಟಕು ಧೂಪ್ ನಕ್ಕೋ ದಿಖಾ, ಪಾನೀ ಪಿಲಾ" ಎಂದರು. ಸಿಮೆಂಟಿಗೆ ಬಿಸಿಲು ತೋರಿಸಬೇಡ, ನೀರು ಕುಡಿಸು ಎಂದರ್ಥ. ಮಣ್ಣಿನ ಹಾಗೆ ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ. ಅದು ನೀರಿನೊಂದಿಗೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ನೀರು ಆರಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಸಿಮೆಂಟಿನ ಬಲವನ್ನು 28 ದಿನಗಳ ನಂತರ ಅಳೆಯುವ ರೂಢಿಯಿದೆ.

ಗಿಡ ನೆಡುವ ಮುನ್ನ

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಹೊರಬರುತ್ತದೆ. ಮಣ್ಣು ಕ್ಷಾರವಾದರೆ ಗಿಡ ಕಬ್ಬಿಣದ ಅಂಶ ಹೀರಲಾರದು, ಎಲೆ ಹಳದಿಯಾಗುತ್ತದೆ. ಆದ್ದರಿಂದ ಕುಂಡವನ್ನು ಮೂರು ವಾರ ನೀರಿನಲ್ಲಿ ಮುಳುಗಿಸಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಪರೀಕ್ಷೆಗೆ ಅಡುಗೆಮನೆಯ ಅರಿಶಿನ ಸಾಕು. ಆ ನೀರಿಗೆ ಚಿಟಿಕೆ ಅರಿಶಿನ ಹಾಕಿದಾಗ ಕೆಂಪಾದರೆ ಸುಣ್ಣ ಇನ್ನೂ ಇದೆ, ಹಳದಿಯಾಗಿಯೇ ಉಳಿದರೆ ಗಿಡ ನೆಡಬಹುದು.

ನನ್ನ ಕುಂಡದಲ್ಲಿರುವುದು ಅರಳಿ ಸಸಿ. ಮಸೀದಿಯ ಹಿಂಗೋಡೆಯ ಬಿರುಕಿನಲ್ಲಿ ಹುಟ್ಟಿತ್ತು. ಗೋಡೆ ಸೀಳುತ್ತದೆಂದು ಹೇಗಿದ್ದರೂ ಕೀಳುವವರಿದ್ದರು. ಮುಅಜ್ಜಿನ್ ಸಾಬರನ್ನು ಕೇಳಿ ಬೇರು ಸಮೇತ ತಂದೆ. ಆಲ, ಅರಳಿ, ಹುಣಸೆ ಕಲಿಯುವವರಿಗೆ ಒಳ್ಳೆಯವು. ಬರೀ ಎರೆಮಣ್ಣು ಹಾಕಬೇಡಿ. ಇಟ್ಟಿಗೆ ಚೂರು, ದಪ್ಪ ಉಸುಕು, ಹಳೆಯ ಗೊಬ್ಬರ ಬೆರೆಸಿ.

ಅಬ್ಬಾನ ಪ್ರಶ್ನೆಗೆ ಉತ್ತರ

ನಮ್ಮ ಅರ್ಥಶಾಸ್ತ್ರದ 'ಉತ್ಪಾದನೆ ಮತ್ತು ವೆಚ್ಚಗಳು' ಪಾಠದ ಪ್ರಕಾರ ಲೆಕ್ಕ ಹಾಕಿದೆ.

ಬದಲಾಗುವ ವೆಚ್ಚ (ಒಂದು ಕುಂಡಕ್ಕೆ): ಸಿಮೆಂಟು 8, ಉಸುಕು 6, ಜಾಲರಿ 12, ಪ್ಲಾಸ್ಟಿಕ್ ಮತ್ತು ಎಣ್ಣೆ 4. ಒಟ್ಟು 30 ರೂಪಾಯಿ.
ಆರು ಕುಂಡಕ್ಕೆ: 180 ರೂಪಾಯಿ.
ಸ್ಥಿರ ವೆಚ್ಚ (ಕರಣೆ, ಕೈಗವಸು, ಬುಟ್ಟಿ ಇತ್ಯಾದಿ): 240 ರೂಪಾಯಿ.
ಒಟ್ಟು ವೆಚ್ಚ: 420 ರೂಪಾಯಿ.

ಸಿಮೆಂಟು ಮನೆ ರಿಪೇರಿಯಲ್ಲಿ ಉಳಿದದ್ದು. ಅದನ್ನು ಪುಕ್ಕಟೆ ಎಂದು ಮೊದಲು ಸೊನ್ನೆ ಬರೆದಿದ್ದೆ. ಆದರೆ ಅದನ್ನು ಬೇರೆ ಕೆಲಸಕ್ಕೆ ಬಳಸಬಹುದಿತ್ತು. ಅದೇ ಅವಕಾಶ ವೆಚ್ಚ. ಹಾಗಾಗಿ ಅಂಗಡಿ ದರ ಹಾಕಿದೆ.

ಆರೂ ಉಳಿದಿದ್ದರೆ ಒಂದಕ್ಕೆ 70 ರೂಪಾಯಿ ಬೀಳುತ್ತಿತ್ತು. ನಾಲ್ಕೇ ಉಳಿದದ್ದರಿಂದ 105 ಬಿತ್ತು. ಒಡೆದ ಎರಡರ ಖರ್ಚು ಉಳಿದ ನಾಲ್ಕರ ತಲೆಗೆ ಬಂತು. 60ಕ್ಕೆ ಮಾರಿದ ನನಗೆ ಲಾಭವಲ್ಲ, ಒಂದೊಂದಕ್ಕೆ 45 ರೂಪಾಯಿ ನಷ್ಟ.

ಕೂಲಿ ಇನ್ನೂ ಸೇರಿಲ್ಲ. ನನ್ನದು 12 ಗಂಟೆ, ನೀರು ಹೊಡೆದ ಅಮ್ಮಿಯದು ಸುಮಾರು 6 ಗಂಟೆ. ಗಂಟೆಗೆ 30 ರೂಪಾಯಿಯಂತೆ ಹಿಡಿದರೂ 540 ರೂಪಾಯಿ. ಆಗ ಒಂದು ಕುಂಡದ ವೆಚ್ಚ 240. ಸಿಮೆಂಟಿನ ಎಂಟು ರೂಪಾಯಿಯನ್ನು ಬರೆದ ನಾನು, ಆ ಸಿಮೆಂಟನ್ನು ಗಟ್ಟಿ ಮಾಡಿದ ಕೆಲಸಕ್ಕೆ ಒಂದು ಸಾಲನ್ನೂ ಬರೆದಿರಲಿಲ್ಲ. ಆ ಕೆಲಸ ಎರಡು ದಿನ ನಿಂತಾಗಲೇ ಅದರ ಬೆಲೆ ತಿಳಿದದ್ದು.

ಎರಡನೇ ಸಲ ಮತ್ತೆ ಆರು ಮಾಡಿದೆ. ಒಂದೂ ಒಡೆಯಲಿಲ್ಲ. ಈಗ ಹನ್ನೆರಡರ ಸಾಮಾನು 360, ಸ್ಥಿರ ವೆಚ್ಚ ಅದೇ 240, ಉಳಿದ ಕುಂಡ ಹತ್ತು. ಒಂದಕ್ಕೆ 60 ರೂಪಾಯಿ, ಕೂಲಿ ಬಿಟ್ಟು. ಹಾಗಾಗಿ ಈಗ ಬೆಲೆ 150 ಹೇಳುತ್ತೇನೆ. ಕೆಲವರು ಹೆಚ್ಚಾಯಿತೆಂದು ಹೋಗುತ್ತಾರೆ, ಒಬ್ಬರು ಕೊಂಡರು. ಅದರಲ್ಲಿ 50 ರೂಪಾಯಿ ಅಮ್ಮಿಗೆ ಕೊಟ್ಟೆ. "ನೀರು ಹಾಕಿದ್ದಕ್ಕೂ ದುಡ್ಡಾ?" ಎಂದು ಅಮ್ಮಿ ನಕ್ಕರು. ಆದರೆ ತೆಗೆದುಕೊಂಡರು. ಹಿಸಾಬಿನ ಪುಸ್ತಕದಲ್ಲಿ ಅವರ ಹೆಸರಿಗೆ ಒಂದು ಸಾಲು ಬರೆದು ಅಬ್ಬಾಗೆ ತೋರಿಸಿದೆ. ಅವರು ನೋಡಿ ಸಹಿ ಮಾಡಿದರು.

ಕುಂಡ ಮಾಡಲು ಇಷ್ಟವಿರುವವರು ನನ್ನನ್ನು ಕೇಳಬಹುದು. ಮಾಡುವ ಮುನ್ನ ಒಂದು ಮಾತು ಖಚಿತ ಮಾಡಿಕೊಳ್ಳಿ: ಏಳು ದಿನ ನೀರು ಹೊಡೆಯುವವರು ಯಾರು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ