ಎಮ್ಮೆಗೂ ಹಾಕಿಸಿ ಚರ್ಮಗಂಟು ಲಸಿಕೆ

‘ಹಸುಗಳಿಗೆಲ್ಲ ಹಾಕಿ ಸಾರ್, ಎಮ್ಮೆಗೆ ಬೇಡ. ಅದರ ಚರ್ಮ ದಪ್ಪ, ಏನೂ ಆಗಲ್ಲ.’ ಲಸಿಕೆ ಹಾಕುವವರು ಊರಿಗೆ ಬಂದಾಗ ಎಷ್ಟೋ ಕೊಟ್ಟಿಗೆಗಳಲ್ಲಿ ಕೇಳುವ ಮಾತಿದು. ಅರ್ಧ ನಿಜವೂ ಹೌದು. ಚರ್ಮಗಂಟು ರೋಗಕ್ಕೆ ಹೆಚ್ಚು ನರಳುವುದು ಹಸು, ಅದರಲ್ಲೂ ಎಚ್‌.ಎಫ್‌. ಮಿಶ್ರತಳಿ. ಆದರೆ ಎಮ್ಮೆಗೆ ಬರುವುದೇ ಇಲ್ಲವೆಂದಲ್ಲ. ಬಂದಾಗ ಕಪ್ಪು ಚರ್ಮದ ಮೇಲೆ, ಕೆರೆಯ ಕೆಸರಿನ ಕೆಳಗೆ ಗಂಟು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಗುರುತಿಸಿದ ಈ ವೈರಸ್ ರೋಗ 2019ರಲ್ಲಿ ಒಡಿಶಾದ ಮೂಲಕ ಭಾರತದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ನಮ್ಮ ರಾಜ್ಯದ ರಾಸುಗಳನ್ನು ಹೇಗೆ ಕಾಡಿತೆಂದು ಡೇರಿಗೆ ಹಾಲು ಹಾಕುವ ಯಾರಿಗೂ ಹೇಳಬೇಕಾಗಿಲ್ಲ.

ಮೊದಲು ಕೈಯಾಡಿಸಿ ನೋಡಿ

ಲಸಿಕೆಯ ದಿನಕ್ಕೆ ಮುಂಚೆ ಎಮ್ಮೆಯ ಮೈ ತೊಳೆದು, ಒರೆಸಿ, ಅಂಗೈ ಬಿಡಿಸಿ ಕುತ್ತಿಗೆಯಿಂದ ಹಿಂದಕ್ಕೆ ನಿಧಾನವಾಗಿ ಸವರುತ್ತ ಬನ್ನಿ. ಗಂಗೆದೊಗಲು, ಮುಂಗಾಲ ಸಂದು, ಕೆಚ್ಚಲ ಬುಡ, ಬಾಲದ ಕೆಳಗೆ ಬಿಡದೆ ನೋಡಿ. ರೋಗದ ಗಂಟು ದುಂಡಗೆ, ಗಟ್ಟಿಯಾಗಿ, ಅಡಿಕೆಯಿಂದ ನಿಂಬೆಹಣ್ಣಿನ ಗಾತ್ರದವರೆಗೆ ಬೆರಳಿಗೆ ಸಿಗುತ್ತದೆ. ಜೊತೆಗೆ ಜ್ವರ, ಕಣ್ಣು–ಮೂಗಿನಲ್ಲಿ ನೀರು, ಕಾಲು ಊತ, ಒಮ್ಮೆಲೇ ಇಳಿದ ಹಾಲು ಇದ್ದರೆ ಆ ರಾಸಿಗೆ ಲಸಿಕೆ ಹಾಕಿಸಬಾರದು. ಅದನ್ನು ಬೇರೆ ಕಟ್ಟಿ, ವೈದ್ಯರಿಗೆ ಹೇಳಿ. ಸುತ್ತಲಿನ ಆರೋಗ್ಯವಂತ ರಾಸುಗಳಿಗೆ ಯಾವಾಗ ಹಾಕಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಮೊಲೆತೊಟ್ಟಿನ ಮೇಲೆ ಮಾತ್ರ ಸಣ್ಣ ಕೀವುಗುಳ್ಳೆಗಳಿದ್ದರೆ ಅದು ಎಮ್ಮೆ ಸಿಡುಬು ಇರಬಹುದು. ಅದು ಬೇರೆಯೇ ರೋಗ, ಹಾಲು ಕರೆಯುವವರ ಕೈಗೂ ಹತ್ತುತ್ತದೆ. ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯಬಹುದು.

ಲಸಿಕೆಯ ದಿನ

ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳೇ ಈ ರೋಗವನ್ನು ಹೊತ್ತು ತಿರುಗುವುದರಿಂದ ಮಳೆ ಹಿಡಿಯುವ ಮುಂಚೆ, ಏಪ್ರಿಲ್–ಮೇ ಹೊತ್ತಿಗೆ ಹಾಕಿಸುವುದು ಒಳ್ಳೆಯದು. ಪಶು ಆಸ್ಪತ್ರೆಯಲ್ಲಿ ಅಥವಾ ಹಾಲಿನ ಸಂಘದ ಕಾರ್ಯದರ್ಶಿಯ ಬಳಿ ಹೆಸರು ಬರೆಸುವಾಗ ಹಸು ಎಷ್ಟು, ಎಮ್ಮೆ ಎಷ್ಟು ಎಂದು ಬೇರೆ ಬೇರೆಯಾಗಿ ಹೇಳಿ. ಗಬ್ಬ ಎಷ್ಟು ತಿಂಗಳದು, ಕರುವಿನ ವಯಸ್ಸೆಷ್ಟು, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಆಯಿತು, ಇವನ್ನು ಮುಚ್ಚಿಡಬೇಡಿ. ಕಿವಿಯೋಲೆ ಬಿದ್ದುಹೋಗಿದ್ದರೆ ಅಂದೇ ಹೊಸದು ಹಾಕಿಸಿ. ಆ 12 ಅಂಕಿಗಳ ಮೇಲೆಯೇ ಲಸಿಕೆಯ ದಾಖಲೆ ನಿಲ್ಲುತ್ತದೆ.

ಎಮ್ಮೆಗೆ ಬಿಸಿಲು ತಡೆಯದು. ಬೆಳಗಿನ ಹಾಲು ಕರೆದ ಮೇಲೆ, ಹೊತ್ತೇರುವ ಮುಂಚೆ ನೆರಳಲ್ಲಿ ಕಟ್ಟಿರಿ. ಲಸಿಕೆ ಐಸ್ ಪೆಟ್ಟಿಗೆಯಲ್ಲಿ ಬಂದಿದೆಯೇ, ಪ್ರತಿ ರಾಸಿಗೂ ಸೂಜಿ ಬದಲಿಸುತ್ತಾರೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ. ಕೇಳಲು ಸಂಕೋಚ ಬೇಡ. ಒಂದು ಸೂಜಿ ಇಡೀ ಬೀದಿಗೆ ರೋಗ ಹಂಚಬಲ್ಲದು. ಬೆರೆಸಿದ ಲಸಿಕೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಮಧ್ಯಾಹ್ನಕ್ಕೆ ಉಳಿಸಿಕೊಳ್ಳುವಂತಿಲ್ಲ.

ಇದುವರೆಗೆ ಹೆಚ್ಚಾಗಿ ಬಳಸಿರುವುದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಸ್‌ಗಳು ಒಂದೇ ಕುಲದವಾದ್ದರಿಂದ ಅದು ಇಲ್ಲಿಯೂ ಕೆಲಸ ಮಾಡುತ್ತದೆ. ನಮ್ಮ ಪಕ್ಕದ ಮಾಲೂರಿನ ಬಯೋವೆಟ್ ಕಂಪನಿಯ ಲಸಿಕೆಗೆ 2025ರ ಫೆಬ್ರುವರಿಯಲ್ಲಿ ಕೇಂದ್ರದ ಪರವಾನಗಿ ಸಿಕ್ಕಿದೆ. ಅದು ಈ ರೋಗಕ್ಕೆಂದೇ ಮಾಡಿದ್ದು, ವರ್ಷಕ್ಕೊಮ್ಮೆ ಹಾಕುವಂಥದ್ದು. ನಿಮ್ಮ ಎಮ್ಮೆಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರಿಗೇ ಬಿಡಿ. ಔಷಧಿ ಅಂಗಡಿಯಿಂದ ತಂದು ಮನೆಯಲ್ಲೇ ಚುಚ್ಚುವ ಸಾಹಸ ಬೇಡವೇ ಬೇಡ.

ಚುಚ್ಚಿದ ಜಾಗದಲ್ಲಿ ಸಣ್ಣ ಊತ, ಒಂದೆರಡು ದಿನ ತುಸು ಜ್ವರ, ಹಾಲು ಸ್ವಲ್ಪ ಕಡಿಮೆಯಾಗುವುದು ಸಹಜ. ಮೈ ತುಂಬ ಗಂಟೆದ್ದರೆ ಅಥವಾ ಮೇವು ಬಿಟ್ಟರೆ ತಡಮಾಡದೆ ತಿಳಿಸಿ. ಪೂರ್ತಿ ರಕ್ಷಣೆ ಬರಲು ಸುಮಾರು ಮೂರು ವಾರ ಬೇಕು. ಅಲ್ಲಿಯವರೆಗೆ ಎಮ್ಮೆಯನ್ನು ಸಂತೆಗಾಗಲೀ ಜಾತ್ರೆಗಾಗಲೀ ಒಯ್ಯಬೇಡಿ. ಗೌರಿಬಿದನೂರಿನವರು ಹಿಂದೂಪುರದ ಕಡೆಯಿಂದ, ಚಿಂತಾಮಣಿಯವರು ಮದನಪಲ್ಲಿ ಕಡೆಯಿಂದ ರಾಸು ತಂದರೆ 28 ದಿನ ಬೇರೆ ಕಟ್ಟಿದ ಮೇಲೆಯೇ ಹಟ್ಟಿಗೆ ಸೇರಿಸಬೇಕು.

ರೇಷ್ಮೆ ಮನೆಯಿದ್ದರೆ ಎಚ್ಚರ

ಲಸಿಕೆ ಹಾಕಿಸಿದರೂ ನೊಣ, ಉಣ್ಣೆ ಹತೋಟಿ ತಪ್ಪದು. ಆದರೆ ಶಿಡ್ಲಘಟ್ಟ, ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಗೋಡೆಗೇ ಹುಳುಮನೆ ಅಂಟಿಕೊಂಡಿರುತ್ತದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಔಷಧಿ ಎಮ್ಮೆಯ ಉಣ್ಣೆಯನ್ನಷ್ಟೇ ಅಲ್ಲ, ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಗಾಳಿಯಲ್ಲಿ ತೇಲಿಬಂದದ್ದು, ಸಿಂಪಡಿಸಿದವರ ಕೈಯಿಂದ ಸೊಪ್ಪಿಗೆ ತಾಗಿದ್ದು ಕೂಡ ಸಾಕು. ಒಂದು ಬೆಳೆ ಹಾಳಾದರೆ ಆ ಮನೆಯ ಎರಡು ತಿಂಗಳ ಲೆಕ್ಕವೇ ತಲೆಕೆಳಗು. ಹಾಗಾಗಿ ಸಿಂಪಡಣೆ ಬೇಕೇಬೇಕಾದರೆ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ ತರಲು ಇನ್ನೂ ದಿನಗಳಿರುವಾಗ, ರಾಸನ್ನು ಹಿಪ್ಪುನೇರಳೆ ತೋಟದಿಂದಲೂ ಹುಳುಮನೆಯಿಂದಲೂ ದೂರ ಒಯ್ದು ಮಾಡಿ. ಬಟ್ಟೆ ಬದಲಿಸಿ, ಸ್ನಾನ ಮಾಡದೆ ಸೊಪ್ಪು ಮುಟ್ಟಬೇಡಿ. ಹುಳು ಇರುವಾಗ ಔಷಧಿಯ ಬದಲು ಸೊಳ್ಳೆ ಪರದೆ ಕಟ್ಟಿ, ದಿನಾ ಸಗಣಿ ಎತ್ತಿ, ಗಂಜಲ ನಿಲ್ಲದಂತೆ ನೋಡಿಕೊಳ್ಳಿ, ತಿಪ್ಪೆಯನ್ನು ದೂರವಿಡಿ, ಉಣ್ಣೆಯನ್ನು ಕೈಯಿಂದಲೇ ಕಿತ್ತುಹಾಕಿ.

ಮುಂದಿನ ಸಲ ಲಸಿಕೆ ತಂಡ ಬಾಗಿಲಿಗೆ ಬಂದಾಗ ಹಿತ್ತಲಲ್ಲಿ ಕಟ್ಟಿದ ಎಮ್ಮೆಯನ್ನೂ ಬಿಚ್ಚಿ ಮುಂದಕ್ಕೆ ತನ್ನಿ. ಮೈಯಲ್ಲಿ ಗಂಟು ಕೈಗೆ ಸಿಕ್ಕರೆ ಕಾಯಬೇಡಿ. ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962.