ಉಪ್ಪುನೀರಿನ ಮೀನು ಸಾಕ್ತೀರಾ? ಫಿಲ್ಟರ್ ತೊಳೆಯೋ ಮುಂಚೆ ಇದನ್ನ ಓದಿ

ಈ ವಾರ ನನ್ನದೇ ತಪ್ಪಿನ ಪಾಠ.

ನಮ್ಮನೆ ಕುಮಟಾ ಕಡೆ. ತೋಟದ ಜೊತೆ ಇನ್ನೊಂದು ಆದಾಯ ಇರಲಿ ಅಂತ ಸಾಲ ಮಾಡಿ, ಹಿತ್ತಲಲ್ಲಿ 4 ಟ್ಯಾಂಕ್ ಇಟ್ಟು ಕ್ಲೌನ್ ಮೀನಿನ ಮರಿ ಸಾಕೋಕೆ ಶುರು ಮಾಡಿದ್ದೆ. ಒಂದು ಭಾನುವಾರ ಫಿಲ್ಟರಿನ ಸ್ಪಾಂಜ್ ಕಪ್ಪಾಗಿದೆ ಅಂತ ನಲ್ಲಿ ನೀರಲ್ಲಿ ಹಿಂಡಿ ಹಿಂಡಿ ತೊಳೆದೆ. ಟ್ಯಾಂಕಿನ ನೀರು ಕನ್ನಡಿ ಥರ ಇತ್ತು. ಮೂರನೇ ದಿನ ಮರಿಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ವಾರದೊಳಗೆ ಆ ಟ್ಯಾಂಕಿನ 60 ಮರಿಗಳಲ್ಲಿ ಉಳಿದದ್ದು 11.

ಆಗಿದ್ದೇನು?

ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ನೈಟ್ರೇಟಿನ ಅಪಾಯ ಕಡಿಮೆ. ಈ ಬ್ಯಾಕ್ಟೀರಿಯಾಗಳ ಮನೆಯೇ ಸ್ಪಾಂಜ್, ಕಲ್ಲು, ಮರಳು. ಕ್ಲೋರಿನ್ ಇರುವ ಸಿಹಿನೀರಲ್ಲಿ ತೊಳೆದು ನಾನು ಅವನ್ನೇ ಕೊಂದಿದ್ದೆ. ಸಮುದ್ರದ ನೀರಿನ ಪಿಎಚ್ ಸುಮಾರು 8.2 ಇರೋದರಿಂದ ಅಮೋನಿಯಾದ ವಿಷ ಇನ್ನೂ ಜಾಸ್ತಿ. ಅಂದ್ರೆ ತಿಳಿ ನೀರೆಲ್ಲ ಶುದ್ಧ ನೀರಲ್ಲ.

ಈಗ ನಾನು ಮಾಡೋದು

1. ಹೊಸ ಟ್ಯಾಂಕಿಗೆ ತಕ್ಷಣ ಮೀನು ಬಿಡಲ್ಲ. ಬ್ಯಾಕ್ಟೀರಿಯಾ ಬೆಳೆಯೋಕೆ 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೇ ಮೀನು.

2. ಸ್ಪಾಂಜನ್ನ ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಲ್ಲಿ ಮೆಲ್ಲಗೆ ಅದ್ದಿ ತೆಗೀತೀನಿ. ಎಲ್ಲ ಸ್ಪಾಂಜ್ ಒಂದೇ ದಿನ ಮುಟ್ಟಲ್ಲ.

3. ವಾರಕ್ಕೊಮ್ಮೆ ಶೇ 10ರಿಂದ 20ರಷ್ಟು ನೀರು ಬದಲು. ಆವಿಯಾಗಿ ಕಡಿಮೆಯಾದದ್ದಕ್ಕೆ ಮಾತ್ರ ಕ್ಲೋರಿನ್ ಇಲ್ಲದ ಸಿಹಿನೀರು, ಯಾಕಂದ್ರೆ ಉಪ್ಪು ಆವಿಯಾಗಲ್ಲ. ಉಪ್ಪಿನಂಶ ಲೀಟರಿಗೆ 33ರಿಂದ 35 ಗ್ರಾಂ ಇರಲಿ.

4. ಪ್ರೋಟೀನ್ ಸ್ಕಿಮ್ಮರ್ ಗಾಳಿಗುಳ್ಳೆ ಎಬ್ಬಿಸಿ, ಕೊಳೆ ಕೊಳೆಯೋ ಮುಂಚೆಯೇ ನೊರೆ ಮಾಡಿ ಹೊರಹಾಕುತ್ತೆ. ಅದರ ಕಪ್ ತುಂಬೋಕೆ ಬಿಡಬೇಡಿ.

5. ಮಳೆಗಾಲದಲ್ಲಿ ಅಳಿವೆ ಹತ್ತಿರದ ನೀರು ಕೆಸರು, ಉಪ್ಪೂ ಕಮ್ಮಿ. ಮೇ ತಿಂಗಳಲ್ಲೇ ತಂದು, ಸೋಸಿ, ಮುಚ್ಚಿಡಿ. ಬ್ಲೀಚಿಂಗ್ ಪೌಡರ್ ಹಾಕಿದ್ರೆ ಗಾಳಿ ಕೊಟ್ಟು, ಕ್ಲೋರಿನ್ ಪೂರ್ತಿ ಹೋಗಿದೆಯಾ ಅಂತ ಪರೀಕ್ಷಿಸಿಯೇ ಬಳಸಿ.

ಮೀನು ಮೇಲೆ ಬಂದು ಬಾಯಿ ಬಿಟ್ರೆ?

ಆಹಾರ ನಿಲ್ಲಿಸಿ, ಗಾಳಿ ಜಾಸ್ತಿ ಮಾಡಿ, ಅಮೋನಿಯಾ ನೋಡಿ. ಇದ್ರೆ ಕಾಲುಭಾಗ ನೀರನ್ನ ಅಷ್ಟೇ ಉಪ್ಪಿನ ಹೊಸ ನೀರಿಂದ ಬದಲಿಸಿ. ಮರುದಿನ ಮತ್ತೆ ಪರೀಕ್ಷೆ.

ಇನ್ನೊಂದು ಮಾತು: ಚೆಂದಕ್ಕೆ ಅಂತ ಸಮುದ್ರದಿಂದ ಹವಳ ಕಿತ್ತು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಪ್ರತಿ ಪರೀಕ್ಷೆಯ ಬಣ್ಣದ ಫೋಟೋ ಫೋನಲ್ಲಿ ತೆಗೆದಿಡಿ. ಹೋದ ವಾರದ್ದರ ಪಕ್ಕ ಇಟ್ಟು ನೋಡಿದ್ರೆ, ಮೀನು ಹೇಳೋ ಮುಂಚೆ ನೀರೇ ಹೇಳುತ್ತೆ. ಆ ಒಂದು ಅಭ್ಯಾಸ ಅವತ್ತು ನನಗಿದ್ದಿದ್ರೆ ಆ 49 ಮರಿಗಳಲ್ಲಿ ಬಹುಪಾಲು ಉಳೀತಿದ್ವು.