ಒಂದು ಯಂತ್ರ, ನಾಲ್ಕು ರೂಪ

ಹೊಲಿಗೆಯ ಯಂತ್ರವಾಗಲಿ, ಗಡಿಯಾರವಾಗಲಿ, ಯಾವ ಯಂತ್ರವೂ ಮೊದಲು ಹೊರಬಂದ ರೂಪದಲ್ಲಿಯೇ ಕೊನೆಯವರೆಗೆ ಉಳಿಯುವುದು ಅಪೂರ್ವ. ಬಳಸಿದವರ ದೂರು, ತಯಾರಕರ ಅನುಭವ, ಮಾರುಕಟ್ಟೆಯ ಒತ್ತಡ ಇವೆಲ್ಲವೂ ಸೇರಿ ಅದನ್ನು ಮತ್ತೆ ಮತ್ತೆ ತಿದ್ದುತ್ತವೆ. “ಹೊಸದೇ ಮೇಲು” ಎನ್ನುವವರು ಕೆಲವರು, “ಹಳೆಯದರ ಗುಣ ಹೊಸದಕ್ಕೆಲ್ಲಿ?” ಎನ್ನುವವರು ಇನ್ನು ಕೆಲವರು. ಈ ಎರಡು ಮಾತುಗಳೂ ಎಷ್ಟರ ಮಟ್ಟಿಗೆ ನಿಲ್ಲುತ್ತವೆಂಬುದನ್ನು ವಿದ್ಯಾರ್ಥಿಮಿತ್ರರಿಗೆ ಪ್ರಿಯವಾದ ಒಂದು ವಸ್ತುವನ್ನೇ ತೆಗೆದುಕೊಂಡು ಪರೀಕ್ಷಿಸೋಣ. ಆ ವಸ್ತು ಜಪಾನಿನ ನಿಂಟೆಂಡೊ ಸಂಸ್ಥೆಯ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರ.

ಟೆಲಿವಿಷನ್ನಿಗೆ ಜೋಡಿಸಿ, ಆಟದ ಕ್ಯಾಸೆಟ್ಟನ್ನು ಸಿಕ್ಕಿಸಿ ಆಡುವ ಯಂತ್ರವಿದು. 1990ರ ದಶಕದಲ್ಲಿ ನಮ್ಮ ನಗರಗಳ ಅಂಗಡಿಗಳಲ್ಲಿ ದೊರೆಯುತ್ತಿದ್ದ ಅಗ್ಗದ ‘ಟಿ.ವಿ. ಗೇಮ್’ಗಳಲ್ಲಿ ಅನೇಕವು ಇದರ ಅನುಕರಣೆಗಳೇ ಆಗಿದ್ದವು. ನಮ್ಮ ವಾಚಕರ ತಂದೆತಾಯಿಗಳಲ್ಲಿ ಹಲವರು ಅವುಗಳಲ್ಲಿ ಆಡಿರಬೇಕು. ಮೂಲಯಂತ್ರವನ್ನು ರೂಪಿಸಿದ ತಂಡದ ಮುಂದಾಳು ಮಸಾಯುಕಿ ಉಯೆಮುರಾ. 1983ರಲ್ಲಿ ಹುಟ್ಟಿದ ಈ ಯಂತ್ರದ ತಯಾರಿಕೆ ಜಪಾನಿನಲ್ಲಿ 2003ರವರೆಗೂ ನಡೆಯಿತು. ಎಲ್ಲ ರೂಪಗಳೂ ಸೇರಿ ಮಾರಾಟವಾದ ಸಂಖ್ಯೆ ಸುಮಾರು 6 ಕೋಟಿ 19 ಲಕ್ಷ.

ನಾವು ಮೊದಲು ಗಮನಿಸಬೇಕಾದುದು ಬದಲಾಗದೆ ಉಳಿದ ಅಂಶವನ್ನು. ಜಪಾನ್ ಮತ್ತು ಅಮೆರಿಕಗಳ ಎಲ್ಲ ರೂಪಗಳಲ್ಲಿಯೂ ಯಂತ್ರದ ಹೃದಯ ಒಂದೇ: ರಿಕೋ ಸಂಸ್ಥೆಯ 8 ಬಿಟ್ಟಿನ ಪ್ರಾಸೆಸರ್, ಸೆಕೆಂಡಿಗೆ ಸುಮಾರು 17 ಲಕ್ಷ 90 ಸಾವಿರ ಮಿಡಿತ, ಕೆಲಸಕ್ಕೆ 2 ಕಿಲೋಬೈಟಿನ ಸ್ಮೃತಿ. ಬದಲಾದದ್ದು ಅದರ ಸುತ್ತಲಿನ ದೇಹ.

ಮೊದಲನೆಯ ರೂಪ: 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ ಬೆಲೆಗೆ ಬಂದ ಕೆಂಪು ಬಿಳಿ ಬಣ್ಣದ ಪೆಟ್ಟಿಗೆ. ಕ್ಯಾಸೆಟ್ಟನ್ನು ಮೇಲಿನಿಂದ ನೇರವಾಗಿ ಇಳಿಸಬೇಕು. ಆಡುವ ಹಿಡಿಗಳೆರಡರ ತಂತಿಗಳೂ ಯಂತ್ರಕ್ಕೇ ಬೆಸೆದುಕೊಂಡಿದ್ದುದರಿಂದ ಒಂದು ಹಿಡಿ ಕೆಟ್ಟರೆ ಪೆಟ್ಟಿಗೆಯನ್ನೇ ಬಿಚ್ಚಬೇಕಾಗುತ್ತಿತ್ತು. ಆರಂಭದ ಹಿಡಿಗಳಲ್ಲಿ ಚೌಕಾಕಾರದ ರಬ್ಬರಿನ ಗುಂಡಿಗಳಿದ್ದವು. ಅವು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತಿದ್ದುದರಿಂದ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಗುಂಡಿಗಳು ಬಂದವು. ಚಿತ್ರವೂ ಧ್ವನಿಯೂ ಒಂದಾಗಿ ಬೆರೆತು, ಪ್ರಸಾರದ ಅಲೆಯಂತೆ, ಟೆಲಿವಿಷನ್ನಿನ ಆಂಟೆನಾ ಕಿಂಡಿಯ ಮೂಲಕ ಹೋಗುತ್ತಿದ್ದವು. ಎರಡನೆಯ ಹಿಡಿಯಲ್ಲಿ ಒಂದು ಪುಟ್ಟ ಮೈಕು ಸಹ ಇತ್ತು. 1986ರ ‘ಜೆಲ್ಡಾ’ ಆಟದಲ್ಲಿ ಒಂದು ಜಾತಿಯ ವೈರಿಗಳನ್ನು ಈ ಮೈಕಿನಲ್ಲಿ ಕೂಗಿಯೇ ಕೊಲ್ಲಬಹುದಾಗಿತ್ತು!

ಎರಡನೆಯ ರೂಪ: 1985ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಎನ್.ಇ.ಎಸ್.’ ಇಲ್ಲಿ ಸ್ವಲ್ಪ ಇತಿಹಾಸ ತಿಳಿಯಬೇಕು. 1983ರಲ್ಲಿ ಅಮೆರಿಕದ ಆಟದ ಯಂತ್ರಗಳ ವ್ಯಾಪಾರ ಕುಸಿದುಬಿದ್ದಿತ್ತು. ಅಂತಹ ಸರಕೆಂದರೆ ಅಂಗಡಿಯವರು ಹಿಂದೆಗೆಯುತ್ತಿದ್ದರು. ಆದುದರಿಂದ ಯಂತ್ರವು ಆಟಿಕೆಯಂತೆ ಕಾಣಬಾರದೆಂದು ಅದಕ್ಕೆ ವೀಡಿಯೊ ಕ್ಯಾಸೆಟ್ ಯಂತ್ರದ ವೇಷ ತೊಡಿಸಲಾಯಿತು. ಮುಂಭಾಗದ ಮುಚ್ಚಳ ತೆರೆದು, ಕ್ಯಾಸೆಟ್ಟನ್ನು ಒಳಗೆ ತಳ್ಳಿ, ಕೆಳಕ್ಕೆ ಅದುಮಬೇಕು. ಹಿಡಿಗಳು ಕಳಚಿಡುವಂತಾದವು. ಚಿತ್ರಕ್ಕೊಂದು, ಧ್ವನಿಗೊಂದು ಪ್ರತ್ಯೇಕ ಕಿಂಡಿ ಬಂದು ತೆರೆಯ ಮೇಲಿನ ಚಿತ್ರ ತಿಳಿಯಾಯಿತು. ಇಷ್ಟೂ ಲಾಭ.

ಆದರೆ ಹೀಗೆ ಅದುಮುವಾಗ ಒಳಗಿನ 72 ಪಿನ್ನುಗಳು ಬಾಗುತ್ತಿದ್ದವು, ಕಾಲಕ್ರಮದಲ್ಲಿ ಸಡಿಲವಾಗುತ್ತಿದ್ದವು. ಇದರ ಜೊತೆಗೆ ಅಪ್ಪಣೆಯಿಲ್ಲದ ಕ್ಯಾಸೆಟ್ಟುಗಳನ್ನು ತಡೆಯಲು ಒಂದು ಕಾವಲು ಚಿಪ್ಪನ್ನು ಇರಿಸಲಾಗಿತ್ತು. ಯಂತ್ರದಲ್ಲೊಂದು, ಕ್ಯಾಸೆಟ್ಟಿನಲ್ಲೊಂದು ಇದ್ದ ಈ ಚಿಪ್ಪುಗಳು ಸದಾ ಸಂಕೇತ ವಿನಿಮಯ ಮಾಡಿಕೊಳ್ಳಬೇಕು. ಮಾತು ತಪ್ಪಿದೊಡನೆ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗಿ, ದೀಪ ಮಿಣುಕುತ್ತಿತ್ತು. ಪಿನ್ನು ಸಡಿಲವಾದರೆ ನಿಜವಾದ ಕ್ಯಾಸೆಟ್ಟೂ ಕಾವಲುಗಾರನಿಗೆ ಕಳ್ಳನಂತೆಯೇ ಕಂಡಿತು! ಮಕ್ಕಳು ಕ್ಯಾಸೆಟ್ಟನ್ನು ಹೊರತೆಗೆದು ಬಾಯಿಂದ ಊದಿ ಮತ್ತೆ ಸಿಕ್ಕಿಸುತ್ತಿದ್ದರು. ಆಟ ಆರಂಭವಾದರೆ ಊದಿದ್ದರ ಫಲವೆಂದು ನಂಬುತ್ತಿದ್ದರು. ವಾಸ್ತವವಾಗಿ ತೆಗೆದು ಮತ್ತೆ ಸಿಕ್ಕಿಸಿದ್ದೇ ಉಪಾಯವಾಗಿತ್ತು. ಉಸಿರಿನ ತೇವದಿಂದ ಲೋಹಕ್ಕೆ ಹಾನಿಯೇ ಹೆಚ್ಚು. ಈ ದೋಷದ ಬೀಜ ಎಲ್ಲಿ ಬಿದ್ದಿತೆಂಬುದನ್ನು ನೋಡಿರಿ. ಪೆಟ್ಟಿಗೆಯ ವೇಷ, ಕಾವಲಿನ ಚಿಪ್ಪು ಎರಡೂ ಆಟಕ್ಕಾಗಿ ಬಂದವುಗಳಲ್ಲ, ವ್ಯಾಪಾರಕ್ಕಾಗಿ ಬಂದವು.

ಮೂರನೆಯ ಮತ್ತು ನಾಲ್ಕನೆಯ ರೂಪಗಳು 1993ರಲ್ಲಿ, ಒಂದು ಅಮೆರಿಕದಲ್ಲಿ, ಇನ್ನೊಂದು ಜಪಾನಿನಲ್ಲಿ ಬಂದವು. ಹೊರನೋಟಕ್ಕೆ ಇವು ಅಣ್ಣತಮ್ಮಂದಿರು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅಮೆರಿಕದ ಹೊಸ ಯಂತ್ರದಲ್ಲಿ ಕ್ಯಾಸೆಟ್ಟು ಮತ್ತೆ ಮೇಲಿನಿಂದ ಇಳಿಯಿತು. ಕಾವಲು ಚಿಪ್ಪು ಹೋಯಿತು. ಮಿಣುಕುವ ಪೀಡೆ ತೊಲಗಿತು. ಬೆಲೆಯೂ 50 ಡಾಲರಿನ ಆಸುಪಾಸಿಗೆ ಇಳಿಯಿತು. ಆದರೆ ಪ್ರತ್ಯೇಕ ಚಿತ್ರ-ಧ್ವನಿಯ ಕಿಂಡಿಗಳನ್ನು ತೆಗೆದು ಹಳೆಯ ಆಂಟೆನಾ ದಾರಿಯೊಂದನ್ನೇ ಉಳಿಸಲಾಯಿತು. ತೆರೆಯ ಮೇಲೆ ಮಸುಕಾದ ನೆಟ್ಟಗೆರೆಗಳು ಸಹ ಕಾಣಿಸಿಕೊಂಡವು. ಜಪಾನಿನ ಹೊಸ ಯಂತ್ರದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಆಂಟೆನಾ ದಾರಿಯನ್ನು ಬಿಟ್ಟು ತಿಳಿಯಾದ ಚಿತ್ರದ ದಾರಿಯನ್ನು ಕೊಟ್ಟರು. ಹಿಡಿಗಳನ್ನು ಕಳಚುವಂತೆ ಮಾಡಿದರು. ಆದರೆ ಮೈಕು ಹೋಯಿತು. ಕೂಗಿ ವೈರಿಯನ್ನು ಕೊಲ್ಲುವ ಸಂತೋಷವೂ ಅದರೊಡನೆ ಹೋಯಿತು.

ಹಾಗಾದರೆ ಈ ನಾಲ್ಕರಲ್ಲಿ ಯಾವುದು ಶ್ರೇಷ್ಠ? ತಿಳಿಯಾದ ಚಿತ್ರ ಬೇಕೆನ್ನುವವನಿಗೆ 1993ರ ಅಮೆರಿಕದ ಯಂತ್ರಕ್ಕಿಂತ 1985ರದೇ ಮೇಲು. ಕ್ಯಾಸೆಟ್ಟು ಹಾಕಿದೊಡನೆ ಆಟ ಆರಂಭವಾಗಲೆನ್ನುವವನಿಗೆ 1993ರದು ಮೇಲು. ಮೈಕಿನಲ್ಲಿ ಕೂಗಬೇಕೆನ್ನುವ ಬಾಲಕನಿಗೆ ಎಲ್ಲಕ್ಕಿಂತ ಹಳೆಯದೇ ಬೇಕು. ಹೊಸದೇ ಮೇಲೆಂಬ ಮಾತೂ ಹಳೆಯದೇ ಮೇಲೆಂಬ ಮಾತೂ ಇಲ್ಲಿ ನಿಲ್ಲಲಿಲ್ಲ.

ಆದುದರಿಂದ ಯಾವ ವಸ್ತುವಿನ ಎರಡು ರೂಪಗಳನ್ನು ಹೋಲಿಸುವಾಗಲೂ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಬದಲಾವಣೆ ಯಾವ ಕುಂದನ್ನು ನೀಗಿಸಲು ಬಂದಿತು? ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕಾಯಿತು? ಲಾಭ ಯಾರಿಗೆ, ತಯಾರಿಸಿದವನಿಗೋ, ಮಾರಿದವನಿಗೋ, ಬಳಸುವವನಿಗೋ? ನಮ್ಮ ಪ್ರಬಂಧವನ್ನು ಎರಡನೆಯ ಸಲ ಬರೆಯುವಾಗ ಕಾಗುಣಿತದ ತಪ್ಪನ್ನು ತಿದ್ದುವ ಭರದಲ್ಲಿ ಒಂದು ಒಳ್ಳೆಯ ವಾಕ್ಯವನ್ನೂ ಹೊಡೆದುಹಾಕಿರುತ್ತೇವೆ. ಮೊದಲಿನ ಪ್ರತಿಯನ್ನು ಹರಿದೊಗೆಯದೆ ಪಕ್ಕದಲ್ಲಿಟ್ಟುಕೊಂಡು ತಿದ್ದುವವನೇ ಜಾಣ.